ಕ್ಯಾನ್ಸರ್ ಚಿಕಿತ್ಸೆಯ ನಂತರ ಉಳಿದ ಗಂಟು: ಜೀವ ಇದೆಯೋ, ಇಲ್ಲವೋ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸುಲಭದ ಮಾತಲ್ಲ. ಈ ಅವಧಿಯಲ್ಲಿ ಮಳೆ ಕೈಕೊಟ್ಟ ವರ್ಷಗಳು ಬಂದಿವೆ, ಕಾಲುವೆಯ ನೀರು ಕೊನೆಯ ಹೊಲ ಮುಟ್ಟದ ವರ್ಷಗಳು ಬಂದಿವೆ, ಹತ್ತಿಯ ದರ ಬಿದ್ದ ವರ್ಷಗಳೂ ಬಂದಿವೆ. ಇಷ್ಟೆಲ್ಲ ಆದರೂ ಸಂಘದ ಬಾಗಿಲು ಮುಚ್ಚದಂತೆ ನೋಡಿಕೊಂಡ ಹಿರಿಯರಿಗೆ ಮೊದಲು ನಮ್ಮ ನಮಸ್ಕಾರಗಳು.

ಹಬ್ಬದ ದಿನ ಕ್ಯಾನ್ಸರಿನ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕಾರ್ಯದರ್ಶಿಗಳೇ ಈ ವಿಷಯ ಮಾತಾಡಿರೆಂದು ಕೇಳಿಕೊಂಡರು. ಬೀಜ ಗೊಬ್ಬರಕ್ಕೆಂದು ಎತ್ತಿದ ಸಾಲ ದವಾಖಾನೆಗೆ ಹೋಗುತ್ತದೆ, ಆಮೇಲೆ ಮನೆಯವರು ಸುಸ್ತಿದಾರರಾಗಿ ಸಂಘದ ಕಡೆ ಮುಖ ಹಾಕುವುದನ್ನೇ ಬಿಡುತ್ತಾರೆ ಎಂದು ಅವರು ಹೇಳಿದ ಮಾತು ನಮ್ಮ ಮನಸ್ಸಿಗೆ ನಾಟಿತು. ನಾವು ಸ್ಕ್ಯಾನಿಂಗ್ ಕೋಣೆಯಲ್ಲಿ ಕೆಲಸ ಮಾಡುವ ವೈದ್ಯರು. ಆ ಸಾಲದಲ್ಲಿ ಎಷ್ಟು ಪಾಲು ಬೇಕಾದ ಖರ್ಚು, ಎಷ್ಟು ಪಾಲು ಹೆದರಿಕೆಯ ಖರ್ಚು ಎಂಬುದನ್ನು ಹತ್ತಿರದಿಂದ ಕಂಡವರು. ಆದ್ದರಿಂದ ಇವತ್ತು ಒಂದೇ ಒಂದು ವಿಷಯ ಹೇಳಿ ಮುಗಿಸುತ್ತೇವೆ. ಕ್ಯಾನ್ಸರಿಗೆ ಚಿಕಿತ್ಸೆ ಮುಗಿದ ಮೇಲೆ ಒಳಗೆ ಒಂದು ಗಂಟು ಉಳಿದಿದೆ ಎಂದು ವರದಿ ಬಂದರೆ ಅದನ್ನು ಹೇಗೆ ತಿಳಿಯಬೇಕು? ಆ ಗಂಟು ಸತ್ತದ್ದೋ, ಜೀವ ಇದ್ದದ್ದೋ ಎಂದು ನೋಡುವ ಒಂದು ಪರೀಕ್ಷೆ ಯಾವುದು? ಇಷ್ಟೇ ಇವತ್ತಿನ ಮಾತು.

ಎರಡು ಮನೆಗಳ ಮಾತು

ನಾವು ಕಂಡ ಎರಡು ಮನೆಗಳ ಸಂಗತಿ ಹೇಳುತ್ತೇವೆ. ಊರು, ಹೆಸರು ಬೇಡ. ಒಂದು ಮನೆಯ ಯಜಮಾನರಿಗೆ ಲಿವರಿನಲ್ಲಿ ಸುಮಾರು ಎರಡೂವರೆ ಸೆಂಟಿಮೀಟರಿನ ಕ್ಯಾನ್ಸರ್ ಗಂಟು ಇತ್ತು. ಸೂಜಿ ತೂರಿಸಿ ಅದನ್ನು ಸುಟ್ಟರು. ಒಂದೆರಡು ತಿಂಗಳಾದ ಮೇಲೆ ಇನ್ನೊಂದು ಕಡೆ ಸಾದಾ ಸ್ಕ್ಯಾನಿಂಗ್ ಮಾಡಿಸಿದರು. ವರದಿಯಲ್ಲಿ ನಾಲ್ಕು ಸೆಂಟಿಮೀಟರ್ ಎಂದು ಬಂತು. ಮನೆಯಲ್ಲಿ ಅಳು ಶುರುವಾಯಿತು. "ಎರಡೂವರಿ ಇದ್ದದ್ದು ನಾಕ್ ಆಗ್ಯಾದ, ಇನ್ನೇನ್ ಉಳೀತ್ರಿ" ಎಂದು ಮಗ ಹೊಲ ಮಾರುವ ಮಾತಿಗೆ ಬಂದುಬಿಟ್ಟ. ಹಳೆಯ ಕಾಗದಗಳನ್ನೆಲ್ಲ ತಂದು ಹೋಲಿಸಿ ನೋಡಿದಾಗ ತಿಳಿದದ್ದೇ ಬೇರೆ. ಗಂಟನ್ನು ಸುಡುವಾಗ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ಸುಡುತ್ತಾರೆ. ಬೇಲಿ ಬದಿಯ ಕಸ ಸುಡುವಾಗ ಒಂದು ಮೊಳ ಆಚೆಗೂ ಸುಟ್ಟಂತೆ. ಆದ್ದರಿಂದ ಸುಟ್ಟ ಕಲೆ ಮೊದಲಿನ ಗಂಟಿಗಿಂತ ದೊಡ್ಡದಾಗಿ ಕಾಣಲೇಬೇಕು. ಅದು ತಿಂಗಳುಗಳು ಕಳೆದಂತೆ ಮೆಲ್ಲಗೆ ಕುಗ್ಗುತ್ತದೆ. ಆ ನಾಲ್ಕು ಸೆಂಟಿಮೀಟರ್ ಪೂರ್ತಿ ಸತ್ತ ಜಾಗ. ಹೊಲ ಉಳಿಯಿತು.

ಇನ್ನೊಂದು ಮನೆಯ ಕಥೆ ಇದಕ್ಕೆ ತಿರುಗು ಮುರುಗು. ಚಿಕಿತ್ಸೆ ಆದ ಮೇಲೆ ಹೊಟ್ಟೆನೋವು ನಿಂತಿತು, ಊಟ ಸೇರಿತು. "ಆರಾಮ ಆಗ್ಯಾದ, ಮತ್ಯಾಕ ಹೋಗೂದು" ಎಂದು ಮನೆಯವರು ಸುಮ್ಮನಾದರು. ತೋರಿಸಬೇಕಾದ ಎರಡು ತಾರೀಖುಗಳು ತಪ್ಪಿದವು. ಗಂಟಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಜೀವ ಉಳಿದಿತ್ತು. ಆಗಲೇ ಕಂಡಿದ್ದರೆ ಇನ್ನೊಮ್ಮೆ ಸುಟ್ಟು ತೆಗೆಯುವ ಅವಕಾಶ ಇತ್ತು. ಬರುವ ಹೊತ್ತಿಗೆ ಆ ಅವಕಾಶ ದಾಟಿಹೋಗಿತ್ತು.

ಒಬ್ಬರಿಗೆ ಇಲ್ಲದ ರೋಗದ ಹೆದರಿಕೆ, ಇನ್ನೊಬ್ಬರಿಗೆ ಇದ್ದ ರೋಗದ ಮರೆವು. ಎರಡಕ್ಕೂ ಮೂಲ ಒಂದೇ. ಉಳಿದ ಗಂಟು ಎಂದರೆ ಏನು ಎಂಬುದು ಯಾರೂ ಬಿಡಿಸಿ ಹೇಳಿರಲಿಲ್ಲ.

ಬಾಕಿ ಬೇರೆ, ಸುಸ್ತಿ ಬೇರೆ

ವರದಿಯಲ್ಲಿ ಬರುವ ಮಾತು 'ರೆಸಿಡುಯಲ್ ಲೀಜನ್' ಎಂದು. ಅದರ ಅರ್ಥ, ಚಿಕಿತ್ಸೆಯ ನಂತರವೂ ಬಾಕಿ ಕಾಣುತ್ತಿರುವ ಜಾಗ. ಸಹಕಾರಿಗಳಾದ ನಿಮಗೆ ಬಾಕಿ ಎಂಬ ಮಾತನ್ನು ನಾವು ಹೇಳಿಕೊಡಬೇಕಾಗಿಲ್ಲ. ಪುಸ್ತಕದಲ್ಲಿ ಬಾಕಿ ಇದ್ದ ಮಾತ್ರಕ್ಕೆ ಕಾರ್ಯದರ್ಶಿಗಳು ಸುಸ್ತಿಯೆಂದು ನೋಟೀಸು ಕೊಡುವುದಿಲ್ಲ. ವಾಯಿದೆ ಮುಗಿದಿದೆಯೋ ಇಲ್ಲವೋ, ಕಟ್ಟಿದ ರಸೀದಿ ಏರಿಸುವುದು ಉಳಿದಿದೆಯೋ ಎಂದು ತಿರುವಿ ನೋಡುತ್ತಾರೆ. ದೇಹದಲ್ಲೂ ಹಾಗೆಯೇ. ಬಾಕಿ ಉಳಿದ ಗಂಟು ಮೂರು ಬಗೆಯದಾಗಿರಬಹುದು. ಮೊದಲನೆಯದು, ಸತ್ತ ಕ್ಯಾನ್ಸರ್ ಜೀವಕೋಶಗಳ ರಾಶಿ. ಎರಡನೆಯದು, ಗಾಯ ಮಾದ ಕಲೆ ಅಥವಾ ಬಾವು. ಮೂರನೆಯದು, ಇನ್ನೂ ಜೀವಂತವಿರುವ ಕ್ಯಾನ್ಸರ್. ಮೊದಲಿನ ಎರಡಕ್ಕೆ ಚಿಕಿತ್ಸೆ ಬೇಡ, ಕಾಯ್ದು ನೋಡಿದರೆ ಸಾಕು. ಮೂರನೆಯದಕ್ಕೆ ತಡ ಮಾಡುವಂತಿಲ್ಲ.

ಲಿವರ್ ಗಂಟಿಗೆ ಮಾತ್ರ ಇದು ಸಂಬಂಧಿಸಿದ್ದಲ್ಲ. ಲಿಂಫೋಮಾ ಎಂಬ ಹಾಲ್ರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ ಔಷಧದಿಂದ ರೋಗ ಹೋದ ಮೇಲೂ ಎದೆ ಅಥವಾ ಹೊಟ್ಟೆಯಲ್ಲಿ ಗಂಟು ಉಳಿಯುವುದು ಬಹಳ ಜನರಲ್ಲಿ ಕಂಡುಬರುತ್ತದೆ. ಅಂಥವರಲ್ಲಿ ಅನೇಕರ ಗಂಟಿನಲ್ಲಿ ಬರೀ ಕಲೆ ಇರುತ್ತದೆ. ಗಾತ್ರ ಅಳೆದರೆ ಇದು ತಿಳಿಯುವುದಿಲ್ಲ. ಗಂಟಿಗೆ ಜೀವ ಇದೆಯೇ ಎಂಬ ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು. ಗಂಟಿಗೆ ರಕ್ತ ಹೋಗುತ್ತಿದೆಯೇ ಎಂದು ಕೇಳಬೇಕು.

ಹತ್ತಿ ಬಿಡಿಸಿ ಮುಗಿದ ಹೊಲದಲ್ಲಿ ಕಟ್ಟಿಗೆ ನಿಂತಿರುತ್ತದೆ. ದೂರದಿಂದ ಎಲ್ಲ ಗಿಡವೂ ಒಂದೇ ತರಹ ಒಣಗಿದಂತೆ ಕಾಣುತ್ತವೆ. ನೀರು ಬಿಟ್ಟು ನೋಡಿದರೆ ಬೇರು ಸತ್ತ ಗಿಡ ಹಾಗೇ ನಿಲ್ಲುತ್ತದೆ, ಬೇರು ಬದುಕಿದ ಗಿಡ ಚಿಗುರುತ್ತದೆ. ಕ್ಯಾನ್ಸರ್ ಗಂಟಿಗೆ ನೀರಿನ ಬದಲು ರಕ್ತ. ಜೀವ ಇರುವ ಗಂಟಿಗೆ ರಕ್ತ ಬೇಕೇ ಬೇಕು. ಸತ್ತ ಗಂಟಿನೊಳಗೆ ರಕ್ತ ಹರಿಯುವುದಿಲ್ಲ.

ನಿಮಗೆ ಗೊತ್ತಿರುವ ಯಂತ್ರವೇ

ಅಲ್ಟ್ರಾಸೌಂಡ್ ಎಂದರೆ ನಮ್ಮ ಜನರ ಬಾಯಲ್ಲಿ ಸ್ಕ್ಯಾನಿಂಗ್. ಬಸುರಿ ಹೆಣ್ಣುಮಕ್ಕಳಿಗೆ, ಮೂತ್ರಪಿಂಡದ ಹರಳಿಗೆ ಮಾಡುವ ಪರೀಕ್ಷೆ. ಲಿಂಗ ಪತ್ತೆ ಅಪರಾಧ ಎಂಬ ಬೋರ್ಡು ಆ ಕೋಣೆಯ ಗೋಡೆಗೆ ಇರುವುದನ್ನೂ ನೀವು ನೋಡಿದ್ದೀರಿ. 1994ರ ಕಾಯಿದೆಯ ಪ್ರಕಾರ ಅದನ್ನು ಹಾಕಬೇಕು. ಈ ಯಂತ್ರದಿಂದ ಶಬ್ದದ ಅಲೆಗಳು ಹೋಗಿ, ಒಳಗಿನ ಅಂಗಗಳಿಗೆ ತಾಗಿ ಪ್ರತಿಧ್ವನಿಯಾಗಿ ಹಿಂದಕ್ಕೆ ಬರುತ್ತವೆ. ಬಾವಿಯಲ್ಲಿ ಕೂಗಿದರೆ ದನಿ ತಿರುಗಿ ಬರುವಂತೆ. ಆ ಪ್ರತಿಧ್ವನಿಯಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಇದರಲ್ಲಿ ಎಕ್ಸರೇ ಕಿರಣ ಇಲ್ಲ.

ಸಾದಾ ಸ್ಕ್ಯಾನಿಂಗ್ ಗಂಟಿನ ಆಕಾರ, ಗಾತ್ರ ತೋರಿಸುತ್ತದೆ. ಡಾಪ್ಲರ್ ಎಂಬ ಬಣ್ಣದ ಸ್ಕ್ಯಾನಿಂಗ್ ದೊಡ್ಡ ರಕ್ತನಾಳಗಳ ಹರಿವನ್ನು ತೋರಿಸುತ್ತದೆ. ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ನಿಧಾನವಾಗಿ ಹರಿಯುವ ರಕ್ತ ಎರಡರಲ್ಲೂ ಕಾಣುವುದಿಲ್ಲ. ಮುಖ್ಯ ಕಾಲುವೆಯಲ್ಲಿ ನೀರು ಇರುವುದು ರಸ್ತೆಯಿಂದಲೇ ಕಾಣುತ್ತದೆ. ಕೊನೆಯ ಹೊಲದ ಹೊಲಗಾಲುವೆಗೆ ನೀರು ಬಂತೋ ಇಲ್ಲವೋ ಎಂಬುದು ಅಲ್ಲಿಗೆ ಹೋಗಿ ನೋಡಿದರೆ ಮಾತ್ರ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ರೈತರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಕೊನೆಯ ಹೊಲಗಾಲುವೆಯವರೆಗೆ ನೋಡಲು ಕಂಡುಕೊಂಡ ಉಪಾಯವೇ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್. ರಕ್ತದೊಳಗೆ ಅತಿ ಸಣ್ಣ ಗುಳ್ಳೆಗಳನ್ನು ಬಿಟ್ಟು, ಅವು ಎಲ್ಲಿಗೆ ಹೋಗುತ್ತವೆ ಎಂದು ನೋಡುವುದು.

ಗುಳ್ಳೆಯ ಗುಟ್ಟು

ಇದು ಹೊಳೆದದ್ದು 1968ರಲ್ಲಿ. ಅಮೆರಿಕದ ರೋಚೆಸ್ಟರ್ ಎಂಬ ಊರಿನಲ್ಲಿ ರೇಮಂಡ್ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಎಂಬ ಇಬ್ಬರು ವೈದ್ಯರು ಹೃದಯದ ಸ್ಕ್ಯಾನಿಂಗ್ ಮಾಡುತ್ತಿದ್ದರು. ರಕ್ತನಾಳಕ್ಕೆ ದ್ರವ ಚುಚ್ಚಿದ ಕೂಡಲೇ ಪರದೆಯ ಮೇಲೆ ಮೋಡದಂತೆ ಹೊಳಪು ಕಂಡಿತು. ದ್ರವದ ಜೊತೆ ಸೇರಿದ್ದ ಸಣ್ಣ ಗುಳ್ಳೆಗಳೇ ಆ ಹೊಳಪಿಗೆ ಕಾರಣ. ಗುಳ್ಳೆಗೆ ಶಬ್ದದ ಅಲೆ ತಾಗಿದರೆ ಬಹಳ ಜೋರಾಗಿ ಪ್ರತಿಧ್ವನಿ ಬರುತ್ತದೆ. ಆದರೆ ಆಗಿನ ಗುಳ್ಳೆಗಳು ಒಂದು ಕ್ಷಣದಲ್ಲಿ ಒಡೆದು ಹೋಗುತ್ತಿದ್ದವು. ಶ್ವಾಸಕೋಶ ದಾಟಿ, ಲಿವರ್ ಮುಟ್ಟಿ, ಕೆಲವು ನಿಮಿಷ ತಾಳುವ ಗುಳ್ಳೆ ಮಾಡುವುದಕ್ಕೆ ಮುಂದೆ ಹತ್ತಾರು ವರ್ಷ ಹಿಡಿಯಿತು.

ಈಗ ಬಳಸುವ ಗುಳ್ಳೆಗಳ ಹೊರಗೆ ಕೊಬ್ಬಿನ ಅಥವಾ ಪ್ರೋಟೀನಿನ ತೆಳು ಪೊರೆ ಇರುತ್ತದೆ, ಒಳಗೆ ರಕ್ತದಲ್ಲಿ ಸುಲಭವಾಗಿ ಕರಗದ ಅನಿಲ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವ ಸೋನೋವ್ಯೂ ಎಂಬ ಔಷಧದಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ಇದೆ. ಅದಕ್ಕೆ 2001ರಲ್ಲಿ ಯುರೋಪಿನಲ್ಲಿ ಪರವಾನಿಗೆ ಸಿಕ್ಕಿತು. 2016ರಲ್ಲಿ ಅಮೆರಿಕದ ಸರಕಾರ ಅದೇ ಔಷಧವನ್ನು ಲಿವರಿನ ಗಂಟುಗಳ ಪರೀಕ್ಷೆಗೆ, ದೊಡ್ಡವರಿಗೂ ಮಕ್ಕಳಿಗೂ, ಒಪ್ಪಿಕೊಂಡಿತು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ರಕ್ತದ ಕೆಂಪು ಕಣ ಸುಮಾರು ಏಳೆಂಟು ಮೈಕ್ರಾನ್ ಅಗಲ. ಈ ಗುಳ್ಳೆಗಳಲ್ಲಿ ಬಹುಪಾಲು ಅದಕ್ಕಿಂತ ಸಣ್ಣವು. ಆದ್ದರಿಂದ ಕೆಂಪು ಕಣ ಹೋಗುವ ದಾರಿಯಲ್ಲೆಲ್ಲ ಗುಳ್ಳೆಯೂ ಹೋಗುತ್ತದೆ.

ಇನ್ನೊಂದು ಗುಣ ಬಹಳ ಮುಖ್ಯ. ಸಿಟಿ ಸ್ಕ್ಯಾನಿಗೆ ಕೊಡುವ ಔಷಧ ರಕ್ತನಾಳದಿಂದ ಹೊರಗೆ ಜಿನುಗುತ್ತದೆ. ಗುಳ್ಳೆ ಹಾಗೆ ಜಿನುಗುವುದಿಲ್ಲ, ನಾಳದೊಳಗೇ ಉಳಿಯುತ್ತದೆ. ಗುಳ್ಳೆ ಕಂಡಲ್ಲಿ ರಕ್ತ ಇದೆ. ಗುಳ್ಳೆ ಒಂದೂ ಹೋಗದ ಜಾಗಕ್ಕೆ ರಕ್ತದ ದಾರಿ ಮುಚ್ಚಿದೆ.

ಪರೀಕ್ಷೆ ನಡೆಯುವ ಬಗೆ

ರೋಗಿಯನ್ನು ಮಲಗಿಸಿ ಮೊದಲು ಸಾದಾ ಸ್ಕ್ಯಾನಿಂಗ್ ಮಾಡಿ ಗಂಟು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳುತ್ತಾರೆ. ಮೊಣಕೈಯ ರಕ್ತನಾಳಕ್ಕೆ ಸೂಜಿ ಹಾಕುತ್ತಾರೆ. ಯಂತ್ರದ ಶಕ್ತಿಯನ್ನು ಬಹಳ ಕಡಿಮೆಗೆ ಇಳಿಸುತ್ತಾರೆ, ಯಾಕೆಂದರೆ ಅಲೆ ಜೋರಾದರೆ ಗುಳ್ಳೆ ಒಡೆದುಹೋಗುತ್ತದೆ. ಲಿವರ್ ಪರೀಕ್ಷೆಗೆ ಸೋನೋವ್ಯೂ ಆದರೆ 2.4 ಮಿಲಿಲೀಟರ್, ಅಂದರೆ ಅರ್ಧ ಚಮಚೆಯಷ್ಟು ಚುಚ್ಚಿ, ಹಿಂದೆಯೇ ಸ್ವಲ್ಪ ಸಲೈನ್ ತಳ್ಳುತ್ತಾರೆ. ಆಗಿನಿಂದ ಗಡಿಯಾರ ಶುರು. ಪರದೆಯನ್ನು ಎರಡು ಪಾಲು ಮಾಡಿ, ಒಂದು ಕಡೆ ಸಾದಾ ಚಿತ್ರ, ಇನ್ನೊಂದು ಕಡೆ ಗುಳ್ಳೆಗಳ ಚಿತ್ರ ನೋಡುತ್ತ ವಿಡಿಯೋ ಹಿಡಿಯುತ್ತಾರೆ.

ಲಿವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ದೊಡ್ಡ ರಕ್ತನಾಳದಿಂದ, ಕಾಲು ಪಾಲು ಶುದ್ಧ ರಕ್ತದ ಅಪಧಮನಿಯಿಂದ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಗಂಟು ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ಔಷಧ ಚುಚ್ಚಿದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅಪಧಮನಿಯ ಗುಳ್ಳೆಗಳು ಲಿವರ್ ಮುಟ್ಟುತ್ತವೆ. ಜೀವ ಇರುವ ಗಂಟು ಆಗ ಸುತ್ತಲಿನ ಲಿವರಿಗಿಂತ ಮೊದಲೇ, ಹೆಚ್ಚಾಗಿ ಹೊಳೆಯುತ್ತದೆ. ಮುಂದೆ ಎರಡು ನಿಮಿಷದವರೆಗೆ ಮತ್ತು ಆಮೇಲೆ ನಾಲ್ಕಾರು ನಿಮಿಷದವರೆಗೆ ನೋಡುತ್ತ ಹೋದರೆ ಒಳ್ಳೆಯ ಲಿವರಿನಲ್ಲಿ ಹೊಳಪು ಉಳಿದಿರುತ್ತದೆ, ಕ್ಯಾನ್ಸರ್ ಜಾಗದಲ್ಲಿ ಹೊಳಪು ಇಳಿದು ಕಪ್ಪಾಗುತ್ತದೆ. ಬೇರೆ ಅಂಗದಿಂದ ಹರಡಿ ಬಂದ ಗಂಟುಗಳಲ್ಲಿ ಈ ಇಳಿತ ಸಾಮಾನ್ಯವಾಗಿ ಒಂದು ನಿಮಿಷದ ಒಳಗೇ ಶುರುವಾಗುತ್ತದೆ.

ಸುಟ್ಟ ಗಂಟಿನಲ್ಲಿ ನೋಡುವುದು ಇನ್ನೂ ಸರಳ. ಪೂರ್ತಿ ಸತ್ತಿದ್ದರೆ ಮೊದಲಿನಿಂದ ಕೊನೆಯವರೆಗೆ ಅಲ್ಲಿ ಒಂದು ಗುಳ್ಳೆಯೂ ಕಾಣುವುದಿಲ್ಲ. ಹೊಳೆಯುವ ಲಿವರಿನ ನಡುವೆ ಕಪ್ಪು ಕುಳಿಯಂತೆ ಇರುತ್ತದೆ. ಅಂಚಿನಲ್ಲಿ ಒಂದು ಕಡೆ ಕಾಳಿನಂತೆ ಅಥವಾ ಚಂದ್ರನ ತುಣುಕಿನಂತೆ ಮೊದಲ ಸೆಕೆಂಡುಗಳಲ್ಲಿ ಹೊಳಪು ಬಂದರೆ ಅಲ್ಲಿ ಜೀವ ಉಳಿದಿದೆ ಎಂಬ ಸಂಶಯ ಗಟ್ಟಿಯಾಗುತ್ತದೆ. ಸುತ್ತಲೂ ಒಂದೇ ಸಮನಾದ ತೆಳು ಬಳೆಯಂತೆ ಹೊಳಪು ಬಂದರೆ ಅದು ಸುಟ್ಟ ಗಾಯದ ಸುತ್ತ ಬರುವ ಕೆಂಪಿನಂಥದ್ದು. ಹೊಸದಾಗಿ ಚಿಕಿತ್ಸೆ ಆದವರಲ್ಲಿ ಅದು ಸಹಜ, ಸುಮಾರು ಒಂದು ತಿಂಗಳಲ್ಲಿ ಇಳಿಯುತ್ತದೆ. ಆದ್ದರಿಂದಲೇ ಒಂದೇ ಸಲ ನೋಡಿ ತೀರ್ಪು ಕೊಡುವುದಿಲ್ಲ, ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ.

ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ ಗಂಟು ಸುಟ್ಟ ದಿನವೇ, ರೋಗಿ ಮೇಜಿನ ಮೇಲೆ ಇರುವಾಗಲೇ ಈ ಪರೀಕ್ಷೆ ಮಾಡುವುದುಂಟು. ಅಂಚಿನಲ್ಲಿ ಜೀವ ಉಳಿದದ್ದು ಕಂಡರೆ ಆಗಲೇ ಇನ್ನೊಮ್ಮೆ ಸೂಜಿ ಹಾಕಿ ಸುಡಬಹುದು. ಬಡವರಿಗೆ ಇದು ಎಷ್ಟು ದೊಡ್ಡ ಉಳಿತಾಯ ಎಂಬುದನ್ನು ಯೋಚಿಸಿ ನೋಡ್ರಿ. ಇನ್ನೊಮ್ಮೆ ಭರ್ತಿ, ಇನ್ನೊಮ್ಮೆ ಪ್ರಯಾಣ, ಇನ್ನೊಮ್ಮೆ ಕೂಲಿ ಬಿಡುವುದು ತಪ್ಪುತ್ತದೆ.

ರಕ್ತನಾಳದ ಮೂಲಕ ಔಷಧ ಮತ್ತು ಎಣ್ಣೆ ಸೇರಿಸಿ ಗಂಟಿನ ದಾರಿ ಮುಚ್ಚುವ ಇನ್ನೊಂದು ಚಿಕಿತ್ಸೆ ಇದೆ. ಆ ಎಣ್ಣೆ ಸಿಟಿ ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುವುದರಿಂದ ಅದರ ಕೆಳಗೆ ಜೀವ ಇದೆಯೋ ಇಲ್ಲವೋ ಗುರುತಿಸುವುದು ಕಷ್ಟವಾಗುತ್ತದೆ. ಗುಳ್ಳೆಯ ಪರೀಕ್ಷೆಗೆ ಆ ಅಡ್ಡಿ ಇಲ್ಲ.

ಇದರಿಂದ ಆಗದ ಕೆಲಸ

ಒಳ್ಳೆಯದನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಇಲ್ಲವಾದರೆ ನಾಳೆ ಎಲ್ಲರೂ ಇದೊಂದೇ ಮಾಡಿರಿ ಎಂದು ಕೂತುಕೊಳ್ಳುವಿರಿ.

ಈ ಪರೀಕ್ಷೆ ಒಂದು ಸಲಕ್ಕೆ ಒಂದು ಜಾಗ ನೋಡುತ್ತದೆ. ಇಡೀ ಮೈಯಲ್ಲಿ ಎಲ್ಲಿ ಎಲ್ಲಿ ಹರಡಿದೆ ಎಂದು ತಿಳಿಯಲು ಸಿಟಿ, ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಬೇಕು. ಲಿಂಫೋಮಾದಲ್ಲಿ ಉಳಿದ ಗಂಟಿಗೆ ಜೀವ ಇದೆಯೇ ಎಂದು ನೋಡಲು ಪೆಟ್ ಸ್ಕ್ಯಾನೇ ಮುಖ್ಯ ಪರೀಕ್ಷೆ. ಶಬ್ದದ ಅಲೆ ಗಾಳಿಯನ್ನೂ ಎಲುಬನ್ನೂ ದಾಟುವುದಿಲ್ಲ. ಆದ್ದರಿಂದ ಶ್ವಾಸಕೋಶದ ಒಳಗಿನ ಗಂಟು, ಎಲುಬಿನೊಳಗಿನ ಗಂಟು ಇದಕ್ಕೆ ಸಿಗವು. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ, ಮೈ ಬಹಳ ದಪ್ಪ ಇದ್ದರೆ, ಗಂಟು ತೀರ ಆಳದಲ್ಲಿದ್ದರೆ ಚಿತ್ರ ಮಸುಕಾಗುತ್ತದೆ. ನೋಡುವ ವೈದ್ಯರ ಅನುಭವದ ಮೇಲೆಯೂ ಫಲಿತಾಂಶ ನಿಂತಿದೆ. ಲಿವರ್ ಮತ್ತು ಮೂತ್ರಪಿಂಡದ ಗಂಟುಗಳನ್ನು ಸುಟ್ಟ ಮೇಲೆ ನೋಡುವುದಕ್ಕೆ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಮ್ಮ ಹಳ್ಳಿಯ ತಾಯಂದಿರಲ್ಲಿ ಕಾಣುವ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆಯ ನಂತರ ವೈದ್ಯರು ಕೈಯಿಂದ ಮಾಡುವ ತಪಾಸಣೆ, ಎಂಆರ್‌ಐ, ಪೆಟ್ ಸ್ಕ್ಯಾನ್ ಇವೇ ದಾರಿ. ಎಲ್ಲಿ ಸಂಶಯ ಉಳಿಯುತ್ತದೋ ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷಿಸುವುದು ಬೇಕಾಗಬಹುದು.

ಲಿವರ್ ಪರೀಕ್ಷೆಗೆ ಈ ವಿಧಾನವನ್ನು ಹೇಗೆ ಬಳಸಬೇಕು ಎಂದು ಯುರೋಪಿನ ತಜ್ಞರು 2004ರಲ್ಲಿ ಮೊದಲ ಮಾರ್ಗದರ್ಶಿ ಹೊರಡಿಸಿದರು. ಜಗತ್ತಿನ ತಜ್ಞರ ಒಕ್ಕೂಟ 2012ರಲ್ಲಿ ಒಂದು, 2020ರಲ್ಲಿ ಅದನ್ನು ತಿದ್ದಿ ಇನ್ನೊಂದು ಹೊರಡಿಸಿತು. ಸಿಟಿ, ಎಂಆರ್‌ಐ ಜೊತೆಗೆ ಇಟ್ಟುಕೊಂಡು ಬಳಸುವ ಪರೀಕ್ಷೆ ಇದು. ಅವುಗಳನ್ನು ಬಿಡಿಸಿ ಹಾಕುವ ಪರೀಕ್ಷೆಯೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಬರೆದು ಕಳಿಸಿದ ಪ್ರಶ್ನೆಗಳು

ಸದಸ್ಯರು ಕೆಲವು ಪ್ರಶ್ನೆಗಳನ್ನು ಮುಂಚೆಯೇ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ.

"ಸಾಹೇಬ್ರ, ರಗತದಾಗ ಗಾಳಿ ಹೋದ್ರ ಮನಷ್ಯಾ ಸಾಯ್ತಾನಂತಾರ. ನೀವೇ ಗುಳ್ಳಿ ಬಿಡ್ತೀನಂತೀರಿ?" ಬಹಳ ಒಳ್ಳೆಯ ಪ್ರಶ್ನೆ. ದೊಡ್ಡ ಪ್ರಮಾಣದ ಗಾಳಿ ಹೋದರೆ ಅಪಾಯ ನಿಜ. ಇಲ್ಲಿ 2.4 ಮಿಲಿಲೀಟರ್ ಔಷಧದೊಳಗೆ ಇರುವ ಅನಿಲವನ್ನೆಲ್ಲ ಒಟ್ಟುಗೂಡಿಸಿದರೆ ಅರ್ಧ ಹನಿ ನೀರಿನಷ್ಟೂ ಆಗುವುದಿಲ್ಲ. ಅದೂ ಕೋಟಿಗಟ್ಟಲೆ ಸಣ್ಣ ಗುಳ್ಳೆಗಳಾಗಿ ಹಂಚಿ ಹೋಗಿರುತ್ತದೆ. ಕೆಲವು ನಿಮಿಷಗಳಲ್ಲಿ ಪೊರೆ ಒಡೆದು, ಅನಿಲ ಉಸಿರಿನಲ್ಲಿ ಹೊರಗೆ ಹೋಗುತ್ತದೆ.

"ಸಕ್ಕರಿ ಬ್ಯಾನಿಯಿಂದ ಕಿಡ್ನಿ ಕೆಟ್ಟಾವ. ಸಿಟಿ ಸ್ಕ್ಯಾನಿನ ಇಂಜೆಕ್ಷನ್ ಬ್ಯಾಡ ಅಂದಾರ. ಇದು ನಡೀತದೇನ್ರಿ?" ನಡೆಯುತ್ತದೆ. ಸಿಟಿ ಸ್ಕ್ಯಾನಿನ ಔಷಧದಲ್ಲಿ ಅಯೋಡಿನ್ ಇರುತ್ತದೆ, ಅದು ಮೂತ್ರಪಿಂಡದ ಮೂಲಕ ಹೊರಗೆ ಹೋಗಬೇಕು. ಗುಳ್ಳೆಯ ಅನಿಲ ಉಸಿರಿನಲ್ಲಿ ಹೋಗುವುದರಿಂದ ಮೂತ್ರಪಿಂಡಕ್ಕೆ ಭಾರ ಇಲ್ಲ. ಮೂತ್ರಪಿಂಡ ಕೆಟ್ಟವರಿಗೆ ಈ ಪರೀಕ್ಷೆಯಿಂದ ಆಗುವ ದೊಡ್ಡ ಉಪಕಾರ ಇದೇ.

"ಇದರಿಂದ ತೊಂದರೆ ಏನೂ ಇಲ್ಲವೇ?" ಬಹುಪಾಲು ಜನರಿಗೆ ಸೂಜಿಯ ನೋವು ಬಿಟ್ಟರೆ ಏನೂ ಆಗುವುದಿಲ್ಲ. ಅಪರೂಪಕ್ಕೆ ಅಲರ್ಜಿ ಆಗಬಹುದು. ಜೀವಕ್ಕೆ ಅಪಾಯ ತರುವಷ್ಟು ತೀವ್ರ ಅಲರ್ಜಿ ಹೊಟ್ಟೆಯ ಪರೀಕ್ಷೆಗಳಲ್ಲಿ ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಆಗುವಷ್ಟು ವಿರಳ. ವಿರಳ ಎಂದು ಉದಾಸೀನ ಮಾಡುವಂತಿಲ್ಲ. ಆದ್ದರಿಂದ ತುರ್ತು ಔಷಧಗಳು ಕೈಗೆಟಕುವಂತಿರುವ ಜಾಗದಲ್ಲೇ ಮಾಡಿಸಬೇಕು, ಮುಗಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು. ಈ ಮುಂಚೆ ಯಾವುದಾದರೂ ಇಂಜೆಕ್ಷನ್ ತಾಳದೆ ಹೋಗಿದ್ದರೆ, ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಬಸುರಿ ಬಾಣಂತಿಯರಿದ್ದರೆ ಮೊದಲೇ ಹೇಳಬೇಕು.

"ನಮಗ ಬ್ಯಾನಿ ಏನೂ ಇಲ್ಲ, ಮುಂಜಾಗ್ರತೆಗೆ ಮಾಡಿಸಬೇಕಾ?" ಬೇಡ. ಗಂಟು ಇದೆ ಎಂದು ಗೊತ್ತಾದ ಮೇಲೆ ಆ ಗಂಟಿನ ಗುಣ ತಿಳಿಯುವ ಪರೀಕ್ಷೆ ಇದು.

ಎಲ್ಲಿಗೆ ಹೋಗಬೇಕು, ರೊಕ್ಕ ಎಲ್ಲಿಂದ

ಗುಳ್ಳೆಯ ಪರೀಕ್ಷೆಗೆ ಅದಕ್ಕೆ ತಕ್ಕ ಯಂತ್ರ, ಔಷಧ, ತರಬೇತಿ ಪಡೆದ ವೈದ್ಯರು ಮೂರೂ ಬೇಕು. ಸ್ಕ್ಯಾನಿಂಗ್ ಬೋರ್ಡು ಇದ್ದಲ್ಲೆಲ್ಲ ಇದು ಸಿಗುತ್ತದೆ ಎಂದು ತಿಳಿಯಬಾರದು. ಮೊದಲು ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕೇಳಬೇಕು. ರಾಯಚೂರಿನಲ್ಲಿ 2007ರಲ್ಲಿ ಶುರುವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್ ಇದೆ. ಜನ ಒಪೆಕ್ ಎಂದು ಕರೆಯುವ ರಾಜೀವ್ ಗಾಂಧಿ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆ ಇದೆ, ಅದರ ಶಾಖೆ ಕಲಬುರಗಿಯಲ್ಲಿ ಇದೆ. 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿದ್ದ ನಮಗೆ ಹೈದರಾಬಾದಿನ ದವಾಖಾನೆಗಳಿಗೆ ಹೋಗುವ ರೂಢಿಯೂ ಹಳೆಯದು. ಬೇರೆ ರಾಜ್ಯಕ್ಕೆ ಹೋಗುವ ಮುಂಚೆ ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಯೇ ಗಾಡಿ ಹತ್ತಬೇಕು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಶುರುವಾದದ್ದು ನಿಮಗೆಲ್ಲ ಗೊತ್ತಿದೆ. ಒಂದು ಸ್ಕ್ಯಾನಿಗಾಗಿ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋದವರಿಗೆ ಆ ಬೇಡಿಕೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚಿನ ವಿಷಯದಲ್ಲಿ ಸಹಕಾರಿಗಳಿಗೆ ಒಂದು ಹೆಮ್ಮೆಯ ಸಂಗತಿ ಇದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಣ್ಣ ಸಣ್ಣ ಪಾಲು ಸೇರಿಸಿದರೆ ದೊಡ್ಡ ಕಷ್ಟ ದಾಟಬಹುದು ಎಂಬ ಅದೇ ತತ್ತ್ವದ ಮೇಲೆ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. 2022-23ರಲ್ಲಿ ಅದು ಪುನಃ ಆರಂಭವಾಯಿತು. ಇದಲ್ಲದೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಒಂದು ಎಚ್ಚರಿಕೆ. ಯೋಜನೆಯಲ್ಲಿ ಯಾವ ಚಿಕಿತ್ಸೆ, ಯಾವ ಪರೀಕ್ಷೆ ಸೇರಿದೆ ಎಂಬ ಪಟ್ಟಿ ಇರುತ್ತದೆ. ಪರೀಕ್ಷೆಗೆ ಮುಂಚೆಯೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ ತಿಳಿದುಕೊಳ್ಳಬೇಕು. ಬಿಲ್ಲು ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ನಾವು ಕೇಳಿಕೊಳ್ಳುವುದು

ಕೊನೆಗೆ ನಾಲ್ಕು ಮಾತು ಕೇಳಿಕೊಳ್ಳುತ್ತೇವೆ.

ಒಂದು, ರೋಗಿಯ ಕಾಗದ ಪತ್ರಗಳನ್ನು ಸಂಘದ ಪಾಸ್‌ಬುಕ್ಕಿನಂತೆ ಜೋಪಾನ ಮಾಡಿರಿ. ಚಿಕಿತ್ಸೆಗೆ ಮುಂಚಿನ ಸ್ಕ್ಯಾನು, ನಂತರದ ಸ್ಕ್ಯಾನು, ಅವುಗಳ ಸಿಡಿ, ಚಿಕಿತ್ಸೆಯ ತಾರೀಖು ಬರೆದ ಚೀಟಿ ಎಲ್ಲ ಒಂದೇ ಚೀಲದಲ್ಲಿರಲಿ. ಹಳೆಯದು ಇಲ್ಲದಿದ್ದರೆ ಹೊಸದನ್ನು ಹೋಲಿಸುವುದು ಹೇಗೆ? ನಾವು ಹೇಳಿದ ಮೊದಲ ಮನೆಯ ಹೊಲ ಉಳಿದದ್ದು ಆ ಹಳೆಯ ಕಾಗದಗಳಿಂದ.

ಎರಡು, ವರದಿಯಲ್ಲಿ ಉಳಿದ ಗಂಟು ಎಂದು ಓದಿದ ಕೂಡಲೇ ಹೊಲ, ಎತ್ತು, ಬಂಗಾರ ಮಾರುವ ಮಾತು ಆಡಬೇಡಿರಿ. "ಸಾಹೇಬ್ರ, ಈ ಗಂಟಿನಾಗ ರಗತ ಹರೀತದೇನು? ಇದನ್ನ ಯಾವ ಪರೀಕ್ಷೆಯಿಂದ ನೋಡೀರಿ?" ಎಂದು ಧೈರ್ಯವಾಗಿ ಕೇಳಿರಿ. ಈ ಒಂದು ಪ್ರಶ್ನೆ ಕೇಳಲು ಇಂಗ್ಲಿಷು ಬೇಕಾಗಿಲ್ಲ.

ಮೂರು, ಸತ್ತ ಗಂಟು ಎಂದು ಹೇಳಿದರೂ ಕೊಟ್ಟ ತಾರೀಖು ತಪ್ಪಿಸಬೇಡಿರಿ. ಇವತ್ತಿನ ಸ್ಕ್ಯಾನು ಇವತ್ತಿನ ಮಾತು ಹೇಳುತ್ತದೆ. ಆರು ತಿಂಗಳ ಮುಂದಿನದನ್ನು ಹೇಳುವುದಿಲ್ಲ. ಮೈ ಆರಾಮ ಇದೆ ಎಂಬುದು ಗಂಟು ಸತ್ತಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು.

ನಾಲ್ಕು, ಇದು ಸಂಘಕ್ಕೆ ನಮ್ಮ ವಿನಂತಿ. ಚಿಕಿತ್ಸೆ ಮುಗಿಸಿ ಬಂದ ಸದಸ್ಯರ ಮನೆಯವರು ಒಪ್ಪಿದರೆ, ಅವರು ಮತ್ತೆ ತೋರಿಸಬೇಕಾದ ತಾರೀಖನ್ನು ಗುಮಾಸ್ತರು ಒಂದು ವಹಿಯಲ್ಲಿ ಬರೆದಿಟ್ಟುಕೊಂಡು ವಾರ ಮುಂಚೆ ನೆನಪು ಮಾಡಿಕೊಡಲಿ. ಸಾಲದ ವಾಯಿದೆಯನ್ನು ನೆನಪಿಸುವ ಸಂಘಕ್ಕೆ ಇದು ಭಾರವಾಗದು. ಆ ದಿನದ ಬಸ್ಸಿನ ಖರ್ಚಿಗೆ ಸಂಕಟ ಇದ್ದರೆ ನಾಲ್ಕು ಜನ ಕೈ ಸೇರಿಸಿರಿ. ಬೇಗ ಕಂಡ ಕಡಲೆಕಾಳಿನಷ್ಟು ಬಾಕಿಯನ್ನು ತೀರಿಸುವುದು ಸುಲಭ, ಅದು ಬೆಳೆದ ಮೇಲೆ ಬಡ್ಡಿ ಕಟ್ಟುವುದು ಯಾರಿಂದಲೂ ಆಗದು.

 ಸಂಘ ಇನ್ನೂ ಇಪ್ಪತ್ತೈದು ವರ್ಷ ಚೆನ್ನಾಗಿ ಬಾಳಿ, ಸುವರ್ಣಹಬ್ಬವನ್ನೂ ಇದೇ ಅಂಗಳದಲ್ಲಿ ಆಚರಿಸಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ.